ವಾರ್ಡಿನ ಮಕ್ಕಳು ಕಟ್ಟಿದ ಊರು

ಅಂಗಡಿಗೆ ಬಾಗಿಲು ಒಂದೇ. ಒಳಗೆ ಕಾಲಿಟ್ಟರೆ ಬಲಗಡೆ ತಂಗಿಯದು, ಎಡಗಡೆ ಅಣ್ಣನದು. ನಡುವೆ ಗೋಡೆ ಇರಲಿಲ್ಲ. ಆದರೂ ಇಬ್ಬರ ಗಿರಾಕಿಗಳೂ ಬೇರೆ, ಮಾತೂ ಬೇರೆ.

ತಂಗಿ ಮಾರುತ್ತಿದ್ದದ್ದು ಹೊಸ ವಿಡಿಯೋ ಗೇಮ್‌ಗಳು. ಹೊಸವು ಅಂದರೆ ಹೊಸ ಆಟಗಳಲ್ಲ. ಇವರಿಬ್ಬರೂ ಚಿಕ್ಕವರಿದ್ದಾಗ ಅಂಗೈಯಲ್ಲಿ ಹಿಡಿದು ಆಡುತ್ತಿದ್ದ ಯಂತ್ರಗಳನ್ನೇ ಈಗ ಯಾವುದೋ ಕಾರ್ಖಾನೆಯವರು ಹಳೆಯ ರೂಪದಲ್ಲೇ ಹೊಸದಾಗಿ ಮಾಡಿ ಕಳಿಸುತ್ತಿದ್ದರು. ಅದೇ ಗಾತ್ರ, ಅದೇ ಬೂದು ಬಣ್ಣ, ಅದೇ ಕೆಂಪು ಗುಂಡಿಗಳು. ಪರದೆ ಮಾತ್ರ ಕತ್ತಲಲ್ಲೂ ಹೊಳೆಯುತ್ತಿತ್ತು. ಹಳೆಯ ಆಟಗಳೆಲ್ಲ ಒಳಗೇ ತುಂಬಿಕೊಂಡು ಬರುತ್ತಿದ್ದವು. ಫೋನಿನ ಚಾರ್ಜರ್ ಇದ್ದರೆ ಸಾಕು, ಸೆಲ್ಲು ಹುಡುಕಿಕೊಂಡು ಅಲೆಯಬೇಕಾಗಿರಲಿಲ್ಲ.

ಅಣ್ಣ ಹಳೆಯ ಯಂತ್ರಗಳನ್ನೇ ರಿಪೇರಿ ಮಾಡುವವನು. ಕೈಯಲ್ಲಿ ಸದಾ ಒಂದು ಚಿಮಟ ಹಿಡಿದು ಕೂತಿರುತ್ತಿದ್ದರಿಂದ ಬೀದಿಯವರೆಲ್ಲ ಅವನನ್ನು ಚಿಮಟಣ್ಣ ಅನ್ನುತ್ತಿದ್ದರು. ಅವನ ಮೇಜಿನ ಮೇಲೆ ಒಂದು ಭೂತಗನ್ನಡಿ, ಬೆಸುಗೆ ಕಡ್ಡಿ, ಸ್ಪಿರಿಟ್ಟಿನ ಬಾಟಲಿ, ಹಲ್ಲುಜ್ಜುವ ಹಳೆಯ ಬ್ರಷ್ಷುಗಳು. ಮೂಲದ ಒಂದು ಸ್ಕ್ರೂ ಕಳೆದುಹೋದರೂ ಅಂಥದ್ದೇ ಇನ್ನೊಂದು ಹಳೆಯ ಸ್ಕ್ರೂ ಸಿಗುವತನಕ ಯಂತ್ರವನ್ನು ಮುಚ್ಚುತ್ತಿರಲಿಲ್ಲ.

ತಂಗಿಯ ಕಡೆಯ ಸಾಮಾನು ನೋಡಿದಾಗಲೆಲ್ಲ, "ನವಿಲನ್ನ ನೋಡಿ ಕೆಂಭೂತ ಪುಕ್ಕ ಕೆದರಿಕೊಂಡಿತಂತೆ," ಅನ್ನುತ್ತಿದ್ದ.

"ನೀನು ಮಾಡೋದು ಹೆಣಕ್ಕೆ ಸಿಂಗಾರ," ಅಂತ ಅವಳು ತಿರುಗಿ ಅನ್ನುತ್ತಿದ್ದಳು. ಅಷ್ಟಾದರೂ ಮಧ್ಯಾಹ್ನದ ಊಟದ ಡಬ್ಬಿ ಇಬ್ಬರಿಗೂ ಒಂದೇ. ಬೈದುಕೊಂಡೇ ಹಂಚಿಕೊಂಡು ತಿನ್ನುತ್ತಿದ್ದರು.

ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಒಬ್ಬ ಹೆಂಗಸು ಬಂದರು. ಮಕ್ಕಳ ಆಸ್ಪತ್ರೆಯ ಹಿರಿಯ ನರ್ಸ್. ರಕ್ತದ ಕಾಯಿಲೆಯ ಮಕ್ಕಳ ವಾರ್ಡಿನಲ್ಲಿ ಅವರು ತಲೆ ನರೆಯುವಷ್ಟು ಕಾಲ ಕೆಲಸ ಮಾಡಿದ್ದರು. ಅಲ್ಲಿನ ಮಕ್ಕಳೆಲ್ಲ ಅವರನ್ನು ದೊಡ್ಡಮ್ಮ ಅಂತ ಕರೆದು ಕರೆದು, ಡಾಕ್ಟರುಗಳ ಬಾಯಲ್ಲೂ ಅದೇ ಹೆಸರು ನಿಂತಿತ್ತು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ. ಅದರೊಳಗೆ ಇನ್ನೊಂದು ಚೀಲ. ಅದನ್ನು ಬಿಚ್ಚಿ, ಬೂದು ಬಣ್ಣ ಹಳದಿಗೆ ತಿರುಗಿದ್ದ ಒಂದು ಹಳೆಯ ಯಂತ್ರವನ್ನು ಮೇಜಿನ ಮೇಲಿಟ್ಟರು. ಮೂಲೆ ಸೀಳಿತ್ತು. ಸೆಲ್ಲಿನ ಮುಚ್ಚಳದ ಜಾಗದಲ್ಲಿ ಆಸ್ಪತ್ರೆಯ ಬಿಳಿ ಅಂಟುಪಟ್ಟಿ.

"ನಮ್ಮಲ್ಲಿ ಸ್ವಚ್ಛತೆ ನೋಡೋರು ಇದನ್ನ ವಾರ್ಡಿಂದ ಆಚೆ ಹಾಕಿಸಿದ್ರು," ಅಂದರು ದೊಡ್ಡಮ್ಮ. "ಸೀಳಿರೋ ಕಡೆ ಕೊಳೆ ಕೂತ್ಕೊಳ್ಳುತ್ತೆ, ಒರೆಸಿದ್ರೂ ಹೋಗಲ್ಲ. ನಮ್ಮ ಮಕ್ಕಳಿಗೆ ಸಣ್ಣ ಸೋಂಕೂ ತಡೆಯಲ್ಲ. ಅವರು ಹೇಳಿದ್ದು ಸರಿ. ಯಾರೋ ಪುಣ್ಯಾತ್ಮರು ಎಲ್ಲ ಮಕ್ಕಳಿಗೂ ಒಂದೊಂದು ಹೊಸದು ಕೊಡಿಸಿದ್ದಾರೆ."

"ಅವು ನಮ್ಮ ಕಡೆಯಿಂದ ಹೋಗಿದ್ದೇ," ಅಂದಳು ತಂಗಿ.

"ಚೆನ್ನಾಗಿವೆ ಕಣಮ್ಮ. ಮಕ್ಕಳಿಗೆ ಇಷ್ಟ. ನಾನು ದೂರು ಹೇಳೋಕೆ ಬಂದಿಲ್ಲ. ನನಗೆ ಈ ಯಂತ್ರ ಉಳೀದಿದ್ರೂ ಚಿಂತೆ ಇಲ್ಲ. ಇದರೊಳಗೆ ಒಂದು ಊರಿದೆ. ಅದು ಉಳೀಬೇಕು."

ಚಿಮಟಣ್ಣ ಗುಂಡಿ ಒತ್ತಿದ. ಪರದೆಯ ಮೇಲೆ ಅಡ್ಡಗೆರೆಗಳು ಮೂಡಿದವು, ಸ್ವಲ್ಪ ಹೊತ್ತು ತಡೆದು ಊರು ಬಂತು.

ಅದು ಊರು ಕಟ್ಟುವ ಆಟ. ಖಾಲಿ ನೆಲದ ಮೇಲೆ ಮನೆ ಇಡಬಹುದು, ಮರ ನೆಡಬಹುದು, ಮನೆಗೊಂದು ಪುಟ್ಟ ಹೆಸರು ಬರೆಯಬಹುದು. ಯಂತ್ರ ವಾರ್ಡಿಗೆ ಬಂದ ಹೊಸದರಲ್ಲಿ ಮಕ್ಕಳು ಅದಕ್ಕಾಗಿ ಕಿತ್ತಾಡಿದಾಗ ದೊಡ್ಡಮ್ಮ ಒಂದು ಕಟ್ಟಳೆ ಮಾಡಿದ್ದರು. ವಾರ್ಡಿಗೆ ಬಂದ ಪ್ರತಿ ಮಗುವಿಗೂ ಒಂದು ಮನೆ. ಬೇರೆಯವರ ಮನೆ ಕೆಡವುವ ಹಾಗಿಲ್ಲ. ಮಕ್ಕಳು ಬಂದರು, ಹೋದರು. ಬಹಳ ಮಕ್ಕಳು ಗುಣವಾಗಿ ಮನೆಗೆ ಹೋದರು. ಕೆಲವರು ಹೋಗಲಿಲ್ಲ. ಊರು ಮಾತ್ರ ಬೆಳೆಯುತ್ತಾ ಹೋಯಿತು.

ಅಣ್ಣ ತಂಗಿ ಇಬ್ಬರೂ ತಲೆಗೆ ತಲೆ ತಾಗಿಸಿ ನೋಡಿದರು. ಒಂದು ಮನೆಯ ಸುತ್ತ ಸಾಲು ಹಿಡಿದು ಮರಗಳು. ಒಳಗೆ ಹೋಗಲು ದಾರಿಯೇ ಬಿಟ್ಟಿಲ್ಲ. ಯಾರೋ ಒಬ್ಬ ತನ್ನ ಮನೆಗೆ 'ಇಂಜೆಕ್ಷನ್ ಇಲ್ಲ' ಅಂತ ಹೆಸರಿಟ್ಟಿದ್ದ. ಎರಡು ಮನೆಗಳು ಗೋಡೆಗೆ ಗೋಡೆ ಅಂಟಿಕೊಂಡಿದ್ದವು. ಅವು ಅಕ್ಕಪಕ್ಕದ ಮಂಚದ ಇಬ್ಬರು ಮಕ್ಕಳವು ಅಂತ ದೊಡ್ಡಮ್ಮ ಹೇಳಿದರು. ಕೆರೆಯ ದಡದಲ್ಲಿ ಒಂದು ಮನೆ ಬೇರೆಯಾಗಿ ನಿಂತಿತ್ತು. 'ಗುಬ್ಬಿ' ಅಂತ ಹೆಸರು.

"ಅವಳು ತುಂಬ ಮಾತಾಡೋಳು. ಅದಕ್ಕೇ ಆ ಹೆಸರು," ಅಂದರು ದೊಡ್ಡಮ್ಮ. "ಅವಳಮ್ಮ ಬಸ್ಸು ಓಡಿಸ್ತಾರೆ. ನಮ್ಮ ಆಸ್ಪತ್ರೆ ಹತ್ರಾನೇ ಕೊನೇ ಸ್ಟಾಪು. ಮಗು ಹೋಗಿ ವರ್ಷಗಳಾದ್ರೂ ಆಗಾಗ ಬಂದು ಇದನ್ನ ನೋಡಿ ಹೋಗ್ತಾರೆ. ಏನೂ ಮಾತಾಡಲ್ಲ. ನೋಡ್ತಾರೆ, ಒರೆಸಿ ಕೊಡ್ತಾರೆ, ಹೋಗ್ತಾರೆ."

ಚಿಮಟಣ್ಣ ಅವರಿಗೆ ತಿಳಿಯುವ ಹಾಗೆ ಹೇಳಿದ. ಊರು ಇರುವುದು ಯಂತ್ರದಲ್ಲಲ್ಲ, ಅದರ ಬೆನ್ನಿಗೆ ಸಿಕ್ಕಿಸುವ ಈ ಕ್ಯಾಸೆಟ್ಟಿನಲ್ಲಿ. ಕ್ಯಾಸೆಟ್ಟಿನೊಳಗೆ ಅಂಗಿಯ ಗುಂಡಿಯಷ್ಟು ದೊಡ್ಡ ಸೆಲ್ಲಿದೆ. ಅದು ಕೊಡುವ ಹನಿ ವಿದ್ಯುತ್ತಿನಲ್ಲೇ ಊರಿನ ನೆನಪು ನಿಂತಿರುವುದು. ಸೆಲ್ಲು ಸತ್ತ ದಿನ ಊರೂ ಹೋಗುತ್ತದೆ. ಈಗಲೇ ಅದಕ್ಕೆ ಬಹಳ ವಯಸ್ಸಾಗಿದೆ.

"ಬದಲಾಯಿಸೋಕೆ ಆಗುತ್ತಾ?"

"ದಿನಾ ಮಾಡೋ ಕೆಲಸ ಅಮ್ಮ. ಹಳೇ ಸೆಲ್ಲು ತೆಗೆಯೋ ಮುಂಚೆ ಪಕ್ಕದಲ್ಲಿ ಇನ್ನೊಂದು ಸೆಲ್ಲು ಕಟ್ಟಿಟ್ಟು ಉಸಿರು ಕೊಡ್ತೀನಿ. ಊರಿಗೆ ಗೊತ್ತೂ ಆಗಲ್ಲ."

ದೊಡ್ಡಮ್ಮ ನಂಬಿ ಹೋದರು.

ಮರುದಿನ ಬೆಳಿಗ್ಗೆ ಕೆಲಸಕ್ಕೆ ಕೂತಾಗ ತಂಗಿ ತಾನಾಗಿಯೇ ಎದ್ದು ಬಂದಳು. ಅವಳ ಬಳಿ ಕ್ಯಾಸೆಟ್ಟಿನಲ್ಲಿರುವುದನ್ನು ಓದಿ ಕಂಪ್ಯೂಟರಿಗೆ ಇಳಿಸಿಕೊಳ್ಳುವ ಒಂದು ಪುಟ್ಟ ಡಬ್ಬಿ ಇತ್ತು. "ಮೊದಲು ಒಂದು ನಕಲು ತೆಗೆದಿಡೋಣ ಅಣ್ಣ. ಆಮೇಲೆ ಏನು ಬೇಕಾದ್ರೂ ಮಾಡು."

ಅವನು ಬೇಡ ಅನ್ನಲಿಲ್ಲ. ನಕಲು ಅನ್ನುವ ಮಾತಿಗೆ ಎಂದಿನ ಚೇಷ್ಟೆಯನ್ನೂ ಮಾಡಲಿಲ್ಲ. ಆದರೆ ನಕಲು ಬರಲಿಲ್ಲ. ಯಂತ್ರಕ್ಕೆ ತಾಗುವ ಕ್ಯಾಸೆಟ್ಟಿನ ತಗಡಿನ ಹಲ್ಲುಗಳ ಮೇಲೆ ಕಿಲುಬು ಹತ್ತಿತ್ತು. ಓದಿದ್ದೆಲ್ಲ ಕಲಸುಮೇಲೋಗರವಾಗಿ ಬಂತು. ಹೊರಗಿನಿಂದಲೇ ಸ್ಪಿರಿಟ್ಟು ಹಾಕಿ ಉಜ್ಜಿದರು, ಮತ್ತೆ ಓದಿಸಿದರು. ಮತ್ತೆ ಅದೇ ಕಲಸುಮೇಲೋಗರ.

"ಬಿಚ್ಚದೆ ಬೇರೆ ದಾರಿ ಇಲ್ಲ," ಅಂದ ಚಿಮಟಣ್ಣ.

"ಹಾಗಾದ್ರೆ ದೊಡ್ಡಮ್ಮನಿಗೆ ಒಂದು ಫೋನ್ ಮಾಡು. ನಕಲು ಸಿಗಲಿಲ್ಲ, ಬಿಚ್ಚಿದ್ರೆ ಹೋದರೂ ಹೋಗಬಹುದು ಅಂತ ಹೇಳು. ಅವರು ಕೊನೇ ಸಲ ನೋಡ್ಕೋಬೇಕು ಅಂದ್ರೆ ನೋಡ್ಕೊಳ್ಳಲಿ."

"ಡ್ಯೂಟಿಲಿರೋರಿಗೆ ಸುಮ್ಮನೆ ಯಾಕೆ ಗಾಬರಿ. ಇದರಲ್ಲಿ ಕೇಳೋದೇನಿದೆ."

ತಂಗಿ ಇನ್ನೊಂದು ಸಲ ಹೇಳಿದಳು. ಅವನು ಆಗಲೇ ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡಿದ್ದ.

ಕ್ಯಾಸೆಟ್ಟಿನ ಹಿಂದಿನ ಸ್ಕ್ರೂ ಸಲೀಸಾಗಿ ಬಂತು. ಎರಡನೇ ಸೆಲ್ಲು, ಅದರ ತಂತಿ ಎಲ್ಲವೂ ಪಕ್ಕದಲ್ಲಿ ಸಿದ್ಧವಾಗಿದ್ದವು. ಮೇಲಿನ ಚಿಪ್ಪನ್ನು ಉಗುರಿನ ತುದಿಯಲ್ಲಿ ಮೆಲ್ಲಗೆ ಎತ್ತಿದ. ಅವನಿಗೆ ಗೊತ್ತಿಲ್ಲದ್ದು ಒಂದೇ. ಸೆಲ್ಲು ಎಂದೋ ಸೋರಿತ್ತು. ಸೋರಿದ್ದು ಒಣಗಿ, ಸೆಲ್ಲಿನ ಮೇಲಿನ ತಗಡಿನ ಪಟ್ಟಿಯನ್ನು ಚಿಪ್ಪಿಗೇ ಅಂಟಿಸಿಬಿಟ್ಟಿತ್ತು. ಚಿಪ್ಪು ಎದ್ದಿತು. ಅದರ ಜೊತೆ ಪಟ್ಟಿಯೂ ಎದ್ದು, ಸೆಲ್ಲಿನ ಸಂಪರ್ಕ ಕಡಿಯಿತು. ಸದ್ದೇನೂ ಆಗಲಿಲ್ಲ.

ಅವನು ತಕ್ಷಣ ಪಟ್ಟಿಯನ್ನು ಇದ್ದ ಜಾಗಕ್ಕೇ ಇಟ್ಟು ಹೆಬ್ಬೆರಳಲ್ಲಿ ಒತ್ತಿ ಹಿಡಿದ. ಹಾಗೆಯೇ ಕೂತ. ಪ್ರಯೋಜನವಿಲ್ಲವೆಂದು ಅವನಷ್ಟು ಚೆನ್ನಾಗಿ ಬಲ್ಲವರು ಆ ಬೀದಿಯಲ್ಲೇ ಇರಲಿಲ್ಲ. ಆದರೂ ಕೈ ತೆಗೆಯಲಾಗಲಿಲ್ಲ.

"ಅಣ್ಣ," ಅಂದಳು ತಂಗಿ. "ಬಿಡು."

ಹಲ್ಲುಗಳನ್ನು ಶುಚಿ ಮಾಡಿ, ಹೊಸ ಸೆಲ್ಲು ಬೆಸೆದು, ಕ್ಯಾಸೆಟ್ಟನ್ನು ಯಂತ್ರಕ್ಕೆ ಸಿಕ್ಕಿಸಿದ. ಆಟ ಮೊದಲಿಗಿಂತ ಚೆನ್ನಾಗಿ, ತಡೆಯದೆ ತೆರೆಯಿತು. ಹಸಿರು ನೆಲ. ನಡುವೆ ನೀಲಿ ಕೆರೆ. ಒಂದು ಮನೆಯೂ ಇಲ್ಲ.

ತಂಗಿ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು. ಅವಳು ಚಹಾ ತರಿಸಿದಳು, ಅದು ಆರಿ ಕೆನೆ ಕಟ್ಟಿತು. ಆಮೇಲೆ ಮೆಲ್ಲಗೆ ಹೇಳಿದಳು: "ಮತ್ತೆ ಕಟ್ಟಿಬಿಡೋಣ. ನಿನ್ನೆ ಇಬ್ಬರೂ ನೋಡಿದ್ದೀವಿ. ದೊಡ್ಡಮ್ಮನ ಫೋನಲ್ಲಿ ಒಂದಾದ್ರೂ ಫೋಟೋ ಇರುತ್ತೆ, ಏನಾದ್ರೂ ನೆವ ಹೇಳಿ ತರಿಸ್ಕೊತೀನಿ. ಯಾರಿಗೂ ಗೊತ್ತಾಗಲ್ಲ. ಮಕ್ಕಳ ಊರು ಮಕ್ಕಳಿಗೆ ಸಿಕ್ಕಿದ್ರೆ ಸಾಕಲ್ಲ?"

ಅವಳು ಮೋಸದ ಹೆಂಗಸಲ್ಲ. ಅಣ್ಣನ ಮುಖ ನೋಡಲಾಗದೆ ಆಡಿದ ಮಾತು ಅದು. ಅವನೂ ಒಪ್ಪಿದ. ಬದುಕೆಲ್ಲ ನಕಲನ್ನು ಹಳಿದವನು ಅಂದು ಮಧ್ಯಾಹ್ನ ಬೆನ್ನು ಬಗ್ಗಿಸಿ ಕೂತು, ಸತ್ತ ಮಕ್ಕಳ, ಬದುಕಿದ ಮಕ್ಕಳ ಮನೆಗಳನ್ನು ನೆನಪಿನಿಂದ ಒಂದೊಂದಾಗಿ ಇಡತೊಡಗಿದ. ದಾರಿ ಇಲ್ಲದ ಮನೆ ಇಟ್ಟ. ಸುತ್ತ ಮರ ನೆಟ್ಟ. 'ಇಂಜೆಕ್ಷನ್ ಇಲ್ಲ' ಅಂತ ಬರೆದ. ಅಂಟಿಕೊಂಡ ಎರಡು ಮನೆಗಳನ್ನು ಕಟ್ಟಿದ. ಕೆರೆಯ ದಡಕ್ಕೆ ಬಂದ. ಗುಬ್ಬಿಯ ಮನೆ ಇಡಬೇಕು. ಮನೆಯ ಬಾಗಿಲು ಯಾವ ಕಡೆಗಿತ್ತು? ಕೆರೆಯ ಕಡೆಗೋ, ಊರಿನ ಕಡೆಗೋ?

"ಕೆರೆ ಕಡೆಗಿತ್ತು ಅನ್ಸುತ್ತೆ," ಅಂದಳು ತಂಗಿ.

"ಅನ್ಸುತ್ತೆ," ಅಂದ ಅವನು.

ಸ್ವಲ್ಪ ಹೊತ್ತು ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಕೂತಿದ್ದ. ಆ ಬಾಗಿಲನ್ನು ಅವಳ ತಾಯಿ ಎಷ್ಟು ಸಲ ನೋಡಿರಬಹುದು ಅನ್ನುವುದು ತಲೆಗೆ ಬಂತು. ಕಟ್ಟಿದ್ದನ್ನೆಲ್ಲ ಅಳಿಸಿ, ಯಂತ್ರವನ್ನು ಅದೇ ಚೀಲಕ್ಕೆ ಹಾಕಿ ಎದ್ದ. ತಂಗಿ ಅಂಗಡಿಯ ಬೀಗ ತೆಗೆದುಕೊಂಡಳು.

ಆಸ್ಪತ್ರೆಯಲ್ಲಿ ದೊಡ್ಡಮ್ಮ ಬಟ್ಟೆ ಕೋಣೆಯಲ್ಲಿ ಒಗೆದು ಬಂದ ಹೊದಿಕೆಗಳನ್ನು ಮಡಿಸುತ್ತಿದ್ದರು. ಚಿಮಟಣ್ಣ ನಿಂತಲ್ಲೇ ಹೇಳಿದ. ಸೆಲ್ಲು ಸೋರಿದ್ದು, ನಕಲು ಬಾರದ್ದು, ತಂಗಿ ಫೋನ್ ಮಾಡು ಅಂದದ್ದು, ತಾನು ಮಾಡದ್ದು. ಅವರು ಕೈಯಲ್ಲಿದ್ದ ಹೊದಿಕೆಯನ್ನು ಮಡಿಸಿ ಮುಗಿಸಿದರು. ಅದನ್ನು ಬಿಚ್ಚಿ ಮತ್ತೆ ಮಡಿಸಿದರು.

"ಫೋನ್ ಮಾಡಿದ್ರೆ ಬರ್ತಿದ್ದೆ," ಅಂದರು ಕೊನೆಗೆ. "ಒಂದು ಸಲ ನೋಡ್ತಿದ್ದೆ. ಬಿಚ್ಚಬೇಡಿ ಅಂತಿರಲಿಲ್ಲ."

"ತಪ್ಪಾಯ್ತಮ್ಮ."

"ನನಗೆ ಹೇಳಿ ಆಯ್ತು. ಗುಬ್ಬಿ ಅಮ್ಮನಿಗೆ ಯಾರು ಹೇಳೋದು? ನನ್ನ ಕೈಲಾಗಲ್ಲಪ್ಪ. ನೀವೇ ಬನ್ನಿ. ಈಗ ಅವರ ಬಸ್ಸು ಬರೋ ಹೊತ್ತು."

ಕೊನೆಯ ಸ್ಟಾಪಿನಲ್ಲಿ ಬಸ್ಸು ನಿಂತಿತ್ತು. ಪ್ರಯಾಣಿಕರು ಇಳಿದು ಹೋಗಿದ್ದರು. ಗುಬ್ಬಿಯ ತಾಯಿ ಡ್ರೈವರ್ ಸೀಟಿನಲ್ಲೇ ಕೂತು, ಬಾಟಲಿಯಿಂದ ನೀರು ಕುಡಿಯುತ್ತಿದ್ದಳು. ಗಟ್ಟಿ ಮೈಕಟ್ಟಿನ, ಸಣ್ಣ ಕೂದಲಿನ ಹೆಂಗಸು. ಸಮವಸ್ತ್ರದ ತೋಳನ್ನು ಮೊಣಕೈವರೆಗೆ ಮಡಿಸಿದ್ದಳು. ದೊಡ್ಡಮ್ಮನನ್ನು ಕಂಡು ಬಾಗಿಲು ತೆರೆದಳು. ತಂಗಿ ಕೆಳಗೇ ನಿಂತಳು. ಮಿಕ್ಕಿಬ್ಬರೂ ಹತ್ತಿ ಮುಂದಿನ ಸೀಟಿನಲ್ಲಿ ಕೂತರು.

"ಇವರು ಯಂತ್ರ ರಿಪೇರಿ ಮಾಡೋರು," ಅಂದರು ದೊಡ್ಡಮ್ಮ. ಆಮೇಲೆ ಚಿಮಟಣ್ಣನ ಕಡೆ ನೋಡಿದರು.

"ಊರು ಹೋಯ್ತಮ್ಮ," ಅಂದ ಚಿಮಟಣ್ಣ. "ನನ್ನ ಕೈಯಲ್ಲಿ ಹೋಯ್ತು."

ಅವಳು ಬಾಟಲಿಯ ಮುಚ್ಚಳ ಹಾಕಿದಳು. ಎದುರಿನ ಗಾಜಿನ ಆಚೆಗೆ ನೋಡಿದಳು. ಬೈಗುಳವೋ ಅಳುವೋ ಬರುತ್ತದೆಂದು ಅವನು ತಲೆ ತಗ್ಗಿಸಿಕೊಂಡು ಕಾದ. ಅವಳು ಕೇಳಿದ್ದು ಬೇರೆ.

"ಅದು ಹೋಗುವಾಗ ನೀವು ಅಲ್ಲೇ ಇದ್ರಾ?"

"ಇದ್ದೆ."

"ಹೇಗೆ ಹೋಯ್ತು? ಮೊದಲಿಂದ ಹೇಳಿ."

ಅವನು ಹೇಳಿದ. ಸ್ಕ್ರೂ ತೆಗೆದದ್ದು, ಚಿಪ್ಪು ಎತ್ತಿದ್ದು, ಪಟ್ಟಿ ಅದರ ಜೊತೆ ಎದ್ದದ್ದು. ಅವಳು ನಡುನಡುವೆ ತಡೆದು ಕೇಳಿದಳು.

"ಸದ್ದು ಬಂತಾ?"

"ಇಲ್ಲ."

"ನಿಮ್ಮ ಕೈ ನಡುಗಿತ್ತಾ?"

"ಇಲ್ಲ. ನಡುಗಿದ್ರಿಂದ ಆದದ್ದಲ್ಲ."

"ಗೊತ್ತಾದ ಮೇಲೆ ಏನು ಮಾಡಿದ್ರಿ?"

"ಪಟ್ಟಿನ ಮತ್ತೆ ಅಲ್ಲೇ ಇಟ್ಟು ಒತ್ತಿ ಹಿಡ್ಕೊಂಡೆ. ಪ್ರಯೋಜನ ಇಲ್ಲ ಅಂತ ಗೊತ್ತಿತ್ತು. ಆದ್ರೂ ಹಿಡ್ಕೊಂಡಿದ್ದೆ."

ಅವಳು ತಲೆಯಾಡಿಸಿದಳು. ಆ ಕೊನೆಯ ಮಾತನ್ನು ಎಲ್ಲೋ ಒಳಗೆ ಇಟ್ಟುಕೊಂಡ ಹಾಗಿತ್ತು. ಆಮೇಲೆ ಸೀಟಿನಲ್ಲೇ ತಿರುಗಿ ದೊಡ್ಡಮ್ಮನನ್ನು ನೋಡಿದಳು.

"ಅವತ್ತು ನಾನು ಡ್ಯೂಟಿ ಮೇಲಿದ್ದೆ. ಓಡಿ ಬರೋ ಹೊತ್ತಿಗೆ ಮುಗಿದಿತ್ತು. 'ನಿದ್ದೇಲೇ ಹೋದಳು' ಅಂದ್ರಿ. ನಾನು ಮತ್ತೆ ಕೇಳಲಿಲ್ಲ. ಕೇಳೋ ಧೈರ್ಯ ಇರಲಿಲ್ಲ. ನಿಜಾನಾ ದೊಡ್ಡಮ್ಮ?"

ಬಸ್ಸಿನ ಇಂಜಿನ್ ತಣಿಯುತ್ತಾ ಟಿಕ್ ಟಿಕ್ ಅನ್ನುತ್ತಿತ್ತು.

"ಇಲ್ಲ," ಅಂದರು ದೊಡ್ಡಮ್ಮ.

ಚಿಮಟಣ್ಣ ಏಳಲು ಹೋದ. "ಕೂತ್ಕೊಳ್ಳಿ," ಅಂದಳು ತಾಯಿ. ಅವನು ಕೂತ.

"ಎಚ್ಚರ ಇತ್ತು ಅವಳಿಗೆ," ಅಂದರು ದೊಡ್ಡಮ್ಮ. "ಉಸಿರು ಕಷ್ಟ ಆಗ್ತಿತ್ತು. ಮೊದಲು ಹೆದರಿದಳು. ಸುಳ್ಳು ಹೇಳಲ್ಲ, ತುಂಬ ಹೆದರಿದಳು. ಅಮ್ಮ ಎಲ್ಲಿ ಅಂತ ಕೇಳಿದಳು. ಬರ್ತಿದ್ದಾರೆ, ದಾರೀಲಿದ್ದಾರೆ ಅಂದೆ. ಕಿಟಕಿ ಕಡೆ ಮುಖ ಮಾಡಿಸಿ ಅಂದಳು. ಅಲ್ಲಿಂದ ಸ್ಟಾಪು ಕಾಣುತ್ತೆ, ಮಂಚಾನೇ ತಿರುಗಿಸಿದ್ವಿ. ಆಮೇಲೆ ಹೆದರಿಕೆ ಇಳೀತು. ಡಾಕ್ಟರು ಔಷಧಿ ಕೊಟ್ಟಿದ್ರು, ಅದಕ್ಕೋ ಏನೋ. ನನ್ನ ಕೈಬೆರಳನ್ನ ಒಂದೊಂದಾಗಿ ಹಿಡ್ಕೊಂಡು, ಬಸ್ಸಿನ ಬಣ್ಣ ಹೇಳ್ತಿದ್ದಳು. ಇದು ಅಮ್ಮಂದಲ್ಲ, ಇದೂ ಅಲ್ಲ ಅಂತ. ಹಾಗೇ ಹೇಳ್ತಾ ಹೇಳ್ತಾ ನಿಂತುಹೋಯ್ತು."

ಆಮೇಲೆ ಹೇಳಿದರು: "ನಿದ್ದೇಲಿ ಅಂದಿದ್ದು ನಿಮ್ಮ ಸಮಾಧಾನಕ್ಕೆ ಅಂದ್ಕೊಂಡಿದ್ದೆ. ಅಲ್ಲ. ನನ್ನ ಕೈಲಿ ಹೇಳೋಕಾಗಲಿಲ್ಲ, ಅಷ್ಟೇ."

ತಾಯಿ ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದು, ಅದರ ಮೇಲೆ ಹಣೆಯಿಟ್ಟಳು. ಬೆನ್ನು ಒಂದೇ ಸಮ ಏರಿಳಿಯಿತು. ದೊಡ್ಡಮ್ಮ ಎದ್ದು ಹೋಗಿ ಅವಳ ಹೆಗಲ ಮೇಲೆ ಕೈಯಿಟ್ಟರು. ಅವಳು ಆ ಕೈಯನ್ನು ಸರಿಸಲಿಲ್ಲ, ಹಿಡಿಯಲೂ ಇಲ್ಲ.

ಬಾಗಿಲ ಬಳಿ ಜನ ಸೇರತೊಡಗಿದರು. ಒಬ್ಬ ಗಡಿಯಾರ ನೋಡಿಕೊಂಡು ಗಾಜು ತಟ್ಟಿದ. ಅವಳು ಮುಖ ಒರೆಸಿಕೊಂಡು ನೆಟ್ಟಗೆ ಕೂತಳು.

"ಇಳೀರಿ," ಅಂದಳು, ಗಡುಸಾಗೇನೂ ಅಲ್ಲ. "ಬಸ್ಸು ಬಿಡಬೇಕು."

ಅದಾದ ಮೇಲೆ ಬಹಳ ದಿನ ಅವಳು ಆಸ್ಪತ್ರೆಯ ಕಡೆ ಬರಲಿಲ್ಲ. ಬಸ್ಸು ಮಾತ್ರ ಹೊತ್ತಿಗೆ ಸರಿಯಾಗಿ ಬಂದು ಹೋಗುತ್ತಿತ್ತು. ದೊಡ್ಡಮ್ಮ ಕಿಟಕಿಯಿಂದ ನೋಡಿ ಒಳಗೆ ಹೋಗುತ್ತಿದ್ದರು. ಹೇಳಬಾರದಿತ್ತೇನೋ ಅಂತ ಒಂದು ಸಲ ಅನ್ನಿಸಿದರೆ, ಅಂದೇ ಹೇಳಬೇಕಿತ್ತು ಅಂತ ಇನ್ನೊಂದು ಸಲ ಅನ್ನಿಸುತ್ತಿತ್ತು.

ಅಂಗಡಿಯಲ್ಲಿ ಚಿಮಟಣ್ಣ ಕೆಲಸ ಬಿಡಲಿಲ್ಲ, ಆದರೆ ಕೈ ನಿಧಾನವಾಯಿತು. ಯಾರಾದರೂ ಕ್ಯಾಸೆಟ್ಟು ತಂದರೆ ಅದರಲ್ಲಿ ಏನಿದೆ, ಯಾರದು ಅಂತ ಮೊದಲು ಕೇಳುತ್ತಿದ್ದ. ಹೋದರೂ ಹೋಗಬಹುದು ಅಂತ ಮುಖಕ್ಕೆ ಹೇಳುತ್ತಿದ್ದ. ಕೆಲವರು ಹೆದರಿ ವಾಪಸು ತೆಗೆದುಕೊಂಡು ಹೋದರು. ತಂಗಿಯ ಸಾಮಾನಿಗೆ ಕೆಂಭೂತದ ಗಾದೆ ಹೇಳುವುದನ್ನು ಮರೆತೇಬಿಟ್ಟ. ಅದು ಅವಳಿಗೆ ಹಿಡಿಸಲಿಲ್ಲ. "ಏನಾದ್ರೂ ಅನ್ನು ಮಾರಾಯ, ಬೇಜಾರಾಗುತ್ತೆ," ಅಂದಳು ಒಂದು ದಿನ. ಅವನು ನಕ್ಕ, ಆದರೆ ಏನೂ ಅನ್ನಲಿಲ್ಲ.

ಒಂದು ಬೆಳಿಗ್ಗೆ ಅಂಗಡಿಯ ಬಾಗಿಲಲ್ಲಿ ಗುಬ್ಬಿಯ ತಾಯಿ ನಿಂತಿದ್ದಳು. ಸಮವಸ್ತ್ರ ಇರಲಿಲ್ಲ, ರಜೆಯ ದಿನ. ತಂಗಿ ಸ್ಟೂಲು ಎಳೆದು ಕೊಟ್ಟಳು. ಮನಸ್ಸಿನಲ್ಲಿದ್ದದ್ದು ತಡೆಯದೆ ಕೇಳಿಯೂಬಿಟ್ಟಳು: "ಅಕ್ಕ, ನಿಮಗೆ ನೆನಪಿರೋ ಹಾಗೆ ಹೇಳಿದ್ರೆ ನಿಮ್ಮ ಮಗಳ ಮನೇನ ಹಾಗೇ ಕಟ್ಟಿಕೊಡ್ತೀವಿ. ಮುಚ್ಚಿಟ್ಟು ಅಲ್ಲ, ನಿಮ್ಮ ಮುಂದೇನೇ."

"ಬೇಡಮ್ಮ," ಅಂದಳು ಅವಳು. "ನೀವು ಒಳ್ಳೇ ಮನಸ್ಸಿಂದ ಕೇಳ್ತಿದ್ದೀರಿ. ಆದ್ರೆ ಅದು ಅವಳು ಕಟ್ಟಿದ್ದು ಅಂತ ನೋಡ್ತಿದ್ದೆ. ಚೆನ್ನಾಗಿತ್ತು ಅಂತಲ್ಲ. ನೀವು ಎಷ್ಟು ಚೆನ್ನಾಗಿ ಕಟ್ಟಿದ್ರೂ ನಾನು ಕೂತು ತಪ್ಪು ಹುಡುಕ್ತೀನಿ. ಅದು ನನಗೂ ಹಿಂಸೆ, ನಿಮಗೂ ಹಿಂಸೆ."

ಆಮೇಲೆ ಚಿಮಟಣ್ಣನ ಕಡೆ ತಿರುಗಿದಳು. "ಆ ಯಂತ್ರ ಏನು ಮಾಡಿದ್ರಿ?"

ಅವನು ಡ್ರಾಯರು ತೆರೆದು ತೋರಿಸಿದ. ಆಸ್ಪತ್ರೆಯಿಂದ ವಾಪಸು ತಂದು ಬಟ್ಟೆಯಲ್ಲಿ ಸುತ್ತಿಟ್ಟಿದ್ದ.

"ಮಕ್ಕಳು ಆಡೋ ವಸ್ತುನ ಹೀಗೆ ಯಾಕೆ ಹೂತಿಟ್ಟಿದ್ದೀರಿ? ಸರಿ ಮಾಡಿ ವಾರ್ಡಿಗೆ ಕೊಡಿ."

"ಯಂತ್ರದ ಹೊರಚಿಪ್ಪು ಸೀಳಿದೆಯಮ್ಮ. ಒಳಗೆ ಬಿಡಲ್ಲ ಅಂತಾರೆ. ಆ ಕಾಲದ ಒಳ್ಳೇ ಚಿಪ್ಪು ಎಲ್ಲೂ ಸಿಗ್ತಿಲ್ಲ."

ತಂಗಿ ತನ್ನ ಕಡೆಯ ಕಪಾಟಿನಿಂದ ಒಂದು ಪೊಟ್ಟಣ ತಂದು ಅಣ್ಣನ ಮುಂದಿಟ್ಟಳು. ಹಳೆಯ ಅಚ್ಚಿನಲ್ಲೇ ಹೊಸದಾಗಿ ಮಾಡಿದ ಚಿಪ್ಪು. ಇಂಥ ಚಿಪ್ಪು ಹಾಕಿಕೊಡಿ ಅಂತ ಕೇಳಿಕೊಂಡು ಬಂದ ಗಿರಾಕಿಗಳನ್ನು ಅವನು ಎಷ್ಟೋ ಸಲ ಬಾಗಿಲಿಂದಲೇ ಕಳಿಸಿದ್ದ. ಈಗ ಪೊಟ್ಟಣ ಹರಿದು, ಚಿಪ್ಪನ್ನು ಬೆಳಕಿಗೆ ಹಿಡಿದು, ಅಂಚನ್ನು ಹೆಬ್ಬೆರಳಲ್ಲಿ ಸವರಿ ನೋಡಿದ.

"ಕೂಡುತ್ತಾ?" ಅಂದಳು ತಾಯಿ.

"ಒಂದೆರಡು ಕಡೆ ಅರದಿಂದ ಉಜ್ಜಬೇಕು. ಕೂಡುತ್ತೆ."

ಅವಳು ಎದುರಿಗೇ ಕೂತು ಕೊನೆಯವರೆಗೂ ನೋಡಿದಳು. ಅವನು ಪ್ರತಿಯೊಂದನ್ನೂ ಹೇಳುತ್ತಲೇ ಮಾಡಿದ. ಈಗ ಇದನ್ನ ತೆಗೀತಿದ್ದೀನಿ, ಈಗ ಇದನ್ನ ತೊಳೀತಿದ್ದೀನಿ. ಬೋರ್ಡಿನ ಕಿಲುಬನ್ನು ಬ್ರಷ್ಷಿನಿಂದ ಉಜ್ಜಿದ. ಗುಂಡಿಗಳ ಅಡಿಯ ಹಳೆಯ ರಬ್ಬರಿನ ಮೇಲೆ ಮಕ್ಕಳ ಬೆವರಿನ ಕಪ್ಪು ಕೂತಿತ್ತು. ಅದನ್ನು ಒರೆಸುವ ಮುಂಚೆ ಅವಳ ಮುಖ ನೋಡಿದ. ಒರೆಸಿ ಅನ್ನುವ ಹಾಗೆ ಅವಳು ತಲೆಯಾಡಿಸಿದಳು. ಹಳೆಯ ಬೋರ್ಡು, ಹಳೆಯ ಮಂಕು ಪರದೆ, ಮೇಲೆ ಹೊಸ ಚಿಪ್ಪು. ಎಲ್ಲ ಮುಗಿದ ಮೇಲೆ ತಂಗಿ ಕೇಳಿದಳು, "ಇದು ಈಗ ನಿನ್ನ ಕಡೆ ಸರಕಾ, ನನ್ನ ಕಡೆದಾ?"

"ಯಾರದಾದ್ರೇನು, ಇನ್ನು ಆಸ್ಪತ್ರೆದು," ಅಂದ ಚಿಮಟಣ್ಣ.

ವಾರ್ಡಿನಲ್ಲಿ ಮೊದಲು ಅದನ್ನು ಯಾರೂ ಮುಟ್ಟಲಿಲ್ಲ. ಮಕ್ಕಳೆಲ್ಲರ ಕೈಯಲ್ಲೂ ಹೊಳೆಯುವ ಹೊಸದು ಇತ್ತು. ಒಬ್ಬೊಬ್ಬರೂ ತಮ್ಮ ಮಂಚದಲ್ಲಿ, ತಮ್ಮ ಊರು ತಾವೇ ಕಟ್ಟಿ, ಬೇಸರವಾದರೆ ಅಳಿಸಿ ಇನ್ನೊಂದು ಕಟ್ಟುತ್ತಿದ್ದರು. ಅದರಲ್ಲಿ ಅವರಿಗೆ ಕೊರತೆಯೇನೂ ಕಾಣಲಿಲ್ಲ. ಹಳೆಯದು ನರ್ಸುಗಳ ಮೇಜಿನ ಮೇಲೆ ಸುಮ್ಮನೆ ಬಿದ್ದಿತ್ತು. ದೊಡ್ಡಮ್ಮ ಯಾರಿಗೂ ಆಡು ಅನ್ನಲಿಲ್ಲ. ದಿನಾ ಸ್ಪಿರಿಟ್ಟಿನಲ್ಲಿ ಒರೆಸಿ ಅಲ್ಲೇ ಇಡುತ್ತಿದ್ದರು.

ಕೊನೆಗೆ ಅದನ್ನು ಎತ್ತಿಕೊಂಡವಳು ಸಲೈನಿನ ಕಂಬ ತಳ್ಳಿಕೊಂಡು ವಾರ್ಡೆಲ್ಲ ಸುತ್ತುತ್ತಿದ್ದ ಒಬ್ಬ ಹುಡುಗಿ. ಒಂದು ಕಡೆ ನಿಲ್ಲದ ಅವಳನ್ನು ಎಲ್ಲರೂ ಬುಗುರಿ ಅನ್ನುತ್ತಿದ್ದರು. ಪರದೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, "ಏನೂ ಸರಿಯಾಗಿ ಕಾಣಲ್ಲ ಇದರಲ್ಲಿ," ಅಂದಳು.

"ಬೆಳಕಿರೋ ಕಡೆ ಕೂತು ಆಡಬೇಕು," ಅಂದರು ದೊಡ್ಡಮ್ಮ.

"ಇದು ಯಾರದು?"

"ಎಲ್ಲರದೂ. ಒಬ್ಬೊಬ್ಬರಿಗೆ ಒಂದೇ ಮನೆ. ಬೇರೆಯವರದ್ದನ್ನ ಕೆಡವೋ ಹಾಗಿಲ್ಲ."

ಬುಗುರಿ ಯೋಚನೆ ಮಾಡಿದಳು. "ಹಾಗಾದ್ರೆ ಒಳ್ಳೇ ಜಾಗ ಮೊದಲೇ ಹಿಡಿಬೇಕು," ಅಂತ ಕಿಟಕಿಯ ಪಕ್ಕ ಕೂತಳು. ಅವಳು ಕಟ್ಟಿದಳೆಂದು ಇನ್ನೊಬ್ಬ ಬಂದ. ಅವನಿಗೆ ಅವಳ ಜಾಗವೇ ಬೇಕಿತ್ತು. ಜಗಳವಾಯಿತು. ಬಹಳ ದಿನಗಳ ಮೇಲೆ ವಾರ್ಡಿನಲ್ಲಿ ಅಂಥ ಜಗಳ ಕೇಳಿ ದೊಡ್ಡಮ್ಮ ಬಟ್ಟೆ ಕೋಣೆಯಲ್ಲೇ ನಿಂತು ನಕ್ಕರು.

ಗುಬ್ಬಿಯ ತಾಯಿ ಬಂದದ್ದು ಊರಿನಲ್ಲಿ ಒಂದಷ್ಟು ಮನೆಗಳೆದ್ದ ಮೇಲೆ. ಮಧ್ಯಾಹ್ನದ ಬಿಡುವು. ಬಾಗಿಲಲ್ಲಿ ಕೈ ತೊಳೆದು, ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಒಳಗೆ ಬಂದಳು. ಕಿಟಕಿಯ ಬಳಿ ಬುಗುರಿ ಮತ್ತಿಬ್ಬರು ಮಕ್ಕಳು ಯಂತ್ರ ಹಿಡಿದು ಕೂತಿದ್ದರು. ಅವಳು ಹಿಂದೆ ನಿಂತು ನೋಡಿದಳು.

"ನೀವು ಯಾರ ಅಮ್ಮ?" ಬುಗುರಿ ಕೇಳಿದಳು.

ದೊಡ್ಡಮ್ಮ ಮಂಚದ ಆಚೆಯಿಂದ ತಲೆಯೆತ್ತಿದರು. ಅವರು ಏನೂ ಹೇಳುವ ಮುಂಚೆ ಅವಳೇ ಹೇಳಿದಳು.

"ಗುಬ್ಬಿ ಅಂತ ಒಬ್ಬಳಿದ್ದಳು. ಅವಳಮ್ಮ."

"ಅವಳ ಮನೆ ಯಾವುದು ಇದರಲ್ಲಿ?"

"ಇತ್ತು. ಈಗ ಇಲ್ಲ. ಅವಳೂ ಇಲ್ಲ."

ಆ ವಾರ್ಡಿನ ಮಕ್ಕಳಿಗೆ ಅಂಥ ಮಾತು ಹೊಸದಲ್ಲ. ಅವರು ಕಣ್ಣು ತಪ್ಪಿಸಲಿಲ್ಲ. ಬುಗುರಿ ಸ್ವಲ್ಪ ಸರಿದು ಬೆಂಚಿನಲ್ಲಿ ಜಾಗ ಮಾಡಿಕೊಟ್ಟಳು. "ಅವಳು ಹೇಗಿದ್ದಳು?"

ತಾಯಿ ಕೂತಳು. ಇಷ್ಟು ವರ್ಷಗಳಲ್ಲಿ ಈ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲಿಲ್ಲ. ಕೇಳಿದರೆ ನೋಯುತ್ತಾಳೆಂದು ಎಲ್ಲರೂ ಬಿಟ್ಟಿದ್ದರು. ಎಲ್ಲಿಂದ ಶುರು ಮಾಡುವುದೆಂದು ತಿಳಿಯದೆ ತೊಡೆಯ ಮೇಲೆ ಕೈ ಉಜ್ಜಿದಳು.

"ತುಂಬ ಮಾತಾಡೋಳು," ಅಂದಳು. "ಸುಳ್ಳೂ ಹೇಳೋಳು. ಒಂದು ಸಲ ನನ್ನ ಬಸ್ಸಲ್ಲಿ ಕೂತ್ಕೊಂಡು, ಮುಂದಿನ ಸ್ಟಾಪಲ್ಲಿ ಸಮುದ್ರ ಬರುತ್ತೆ ಅಂತ ಒಬ್ಬ ಅಜ್ಜನ್ನ ನಂಬಿಸಿಬಿಟ್ಟಿದ್ದಳು. ಪಾಪ, ಅವರು ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡ್ಕೊಂಡು ಇಳಿದ್ರು."

ಮಕ್ಕಳು ನಕ್ಕರು. ಅವಳೂ ನಕ್ಕಳು, ನಗುತ್ತಲೇ ಕಣ್ಣು ಒರೆಸಿಕೊಂಡಳು. ಇನ್ನೊಂದು ಹೇಳಿ ಅಂದರು. ಹೇಳಿದಳು. ಕಿಟಕಿಯ ಕೆಳಗೆ ಅವಳ ಬಸ್ಸಿನ ಮುಂದೆ ಜನ ಸೇರುತ್ತಿದ್ದರು. ಹೊತ್ತಾಯಿತು ಅಂತ ಎದ್ದು, ಬಾಗಿಲವರೆಗೆ ಹೋಗಿ, ಮುಖದ ಬಟ್ಟೆ ಬಿಚ್ಚುತ್ತಿದ್ದವಳು ನಿಂತಳು. ಗುಬ್ಬಿಯದೇ ಇನ್ನೇನೋ ನೆನಪಾದ ಹಾಗೆ ಬಟ್ಟೆಯನ್ನು ಮತ್ತೆ ಕಟ್ಟಿಕೊಂಡು ಒಳಗೆ ಬಂದಳು.